ಗಾಜಿನ ಸಾಹುಕಾರರು ಬಿಟ್ಟ ಬಾಗಿಲು

ಇದು ನಡೆದದ್ದೇ. ನನ್ನ ಎರಡೂ ಕಣ್ಣಾಣೆ. ಸಾಲದಿದ್ದರೆ ಪಕ್ಕದ ಮನೆಯವರ ಕಣ್ಣನ್ನೂ ಸೇರಿಸಿಕೊಳ್ಳಿ. ಒಂದಕ್ಕೆ ಎರಡು ಸೇರಿಸುವ ಚಾಳಿ ನನಗಿದೆ, ಒಪ್ಪುತ್ತೇನೆ. ಇಲ್ಲಿ ಮಾತ್ರ ಪಾರಿವಾಳಗಳ ಮಾತೊಂದು ಬಿಟ್ಟರೆ ಏನೂ ಸೇರಿಸಿಲ್ಲ.

ಗುಮಾಸ್ತರು ಫೋನ್ ಕೆಳಗಿಟ್ಟು, ಪಟ್ಟಿಯಲ್ಲಿದ್ದ ಹನ್ನೆರಡನೆಯ ಹೆಸರಿನ ಮೇಲೂ ಗೀಟು ಎಳೆದರು.

"ಅವರೂ ಆಗಲ್ಲ ಅಂದ್ರು ಮೇಡಂ. ಸಾಹುಕಾರರು ಹೋದ ಮಂಗಳವಾರವೇ ಬಂದು ಅರ್ಧ ಗಂಟೆ ಕೂತು ಹೋದ್ರಂತೆ. ಆಯಮ್ಮನಿಗೆ ನನ್ನ ನಮಸ್ಕಾರ ತಿಳಿಸಿ ಅಂದ್ರು."

"ನಮಸ್ಕಾರ ಇಟ್ಕೊಂಡು ಏನ್ ಮಾಡೋದು?" ಎಂದಳು ಕತ್ತರಿ.

ಕತ್ತರಿ ಅಂದರೆ ವಕೀಲೆ. ದೊಡ್ಡ ದೊಡ್ಡ ಮನೆಗಳ ಗಂಡ ಹೆಂಡಿರನ್ನು ಒಂದು ನೂಲೂ ಜಗ್ಗದಂತೆ ಬೇರೆ ಮಾಡುತ್ತಿದ್ದಳು, ಅದಕ್ಕೇ ಆ ಹೆಸರು. ಅವಳು ಕೋರ್ಟಿನಲ್ಲಿ ಗಂಟಲು ಸರಿಮಾಡಿಕೊಂಡರೆ ಮೂರನೆಯ ಮಹಡಿಯ ಪಾರಿವಾಳಗಳು ಹಾರಿಹೋಗುತ್ತಿದ್ದವು. ಹಡಗಿನ ಮಾಲೀಕನೊಬ್ಬ ಅವಳ ಪಾಟೀಸವಾಲು ತಾಳಲಾರದೆ ಕಟಕಟೆಯಿಂದಿಳಿದು ಹೆಂಡತಿಯ ಕಾಲು ಹಿಡಿದಿದ್ದ.

ಗಾಜಿನ ಕಾರ್ಖಾನೆಯ ಸಾಹುಕಾರರು ಬಲು ಜಾಣರು. ಹೆಂಡತಿ ವಿಚ್ಛೇದನ ಕೇಳುವ ವಾಸನೆ ಬಂದದ್ದೇ ತಡ, ಹೆಸರಾಂತ ವಕೀಲರ ಬಾಗಿಲುಗಳನ್ನು ಒಂದೊಂದಾಗಿ ತಟ್ಟಿದರು. ಪ್ರತಿಯೊಬ್ಬರ ಎದುರೂ ಕೂತು ಸಂಸಾರದ ಗುಟ್ಟು ಒಂದಿಷ್ಟು ಹೇಳಿ ಎದ್ದು ಬಂದರು. ಒಬ್ಬರ ಗುಟ್ಟು ಕೇಳಿದ ವಕೀಲ ಅದೇ ಜಗಳದಲ್ಲಿ ಎದುರಿನವರ ಪರ ನಿಲ್ಲುವಂತಿಲ್ಲ. ಅಲ್ಲಿಗೆ ಹನ್ನೆರಡು ಬಾಯಿಗೆ ಹನ್ನೆರಡು ಬೀಗ. ಹೆಂಡತಿಯ ಪರ ಮಾತಾಡುವವರೇ ಉಳಿಯಲಿಲ್ಲ.

ಕತ್ತರಿಯ ಬಾಗಿಲನ್ನು ಮಾತ್ರ ತಟ್ಟಲಿಲ್ಲ. ಅಲ್ಲಿಗೆ ಕಾಲಿಡುವ ಧೈರ್ಯ ಯಾವ ಗಂಡನಿಗಿದೆ?

ಜಗಳ ಆಸ್ತಿಯದಲ್ಲ, ಒಂಬತ್ತು ವರ್ಷದ ಮಗಳದು. ಅವಳನ್ನು ಸಮುದ್ರದಾಚೆಯ ಹಾಸ್ಟೆಲಿಗೆ ಕಳಿಸುವುದೆಂದು ಸಾಹುಕಾರರು ತೀರ್ಮಾನಿಸಿಬಿಟ್ಟಿದ್ದರು. ಸೂಟ್‌ಕೇಸಿಗೆ ಹೆಸರಿನ ಚೀಟಿಯೂ ಅಂಟಿತ್ತು. ಶುಕ್ರವಾರ ಕೋರ್ಟಿನಲ್ಲಿ ತಾಯಿ ಸೋತರೆ ಸೋಮವಾರ ವಿಮಾನ.

"ಬರ್ಕೊಳ್ಳಿ," ಎಂದಳು ಕತ್ತರಿ. "ಮಗು ಕತ್ತಲೆಯಲ್ಲಿ ಮಲಗಲ್ಲ. ಹಾಲಿನ ಕೆನೆ ಕಂಡ್ರೆ ವಾಂತಿ. ಗಣಿತದ ಟೀಚರ್ ಬೈದ ದಿನ ಹೆಬ್ಬೆರಳು ಚೀಪ್ತಾಳೆ. ಅದು ಅಪ್ಪನಿಗೆ ಗೊತ್ತಿಲ್ಲ."

ಗುಮಾಸ್ತರು ತಲೆಯೆತ್ತದೆ ಬರೆದುಕೊಂಡರು. ಇದರಲ್ಲಿ ಒಂದು ಮಾತೂ ಫೈಲಿನಲ್ಲಿರಲಿಲ್ಲ.

"ಊರೆಲ್ಲ ಯಾಕೆ ಹುಡುಕೋದು ಮೇಡಂ? ನೀವೇ ನಿಂತ್ಕೊಳ್ಳಿ."

"ಆ ಮನುಷ್ಯನ ಎದುರು ನನ್ನ ನಾಲಿಗೆ ಏಳಲ್ಲ."

"ಹಡಗಿನವನನ್ನ ಅಳಿಸಿದ ನಾಲಿಗೆ!"

"ಹಡಗಿನವನು ಬೇರೆ, ಗುಮಾಸ್ತರೇ."

ಅವಳು ಪೆನ್ನಿನ ಮುಚ್ಚಳ ತೆಗೆಯುತ್ತ, ಮತ್ತೆ ಹಾಕುತ್ತ ಕೂತಳು. ದೊಡ್ಡ ಸಾಹುಕಾರರೆಂದರೆ ಕತ್ತರಿಯೂ ಮೊಂಡಾಗುತ್ತದೆ ಎಂದು ಯಾರಾದರೂ ಅಂದುಕೊಳ್ಳಬೇಕು, ಹಾಗೆ.

ಗುಮಾಸ್ತರಿಗೆ ರೇಗಿತು. ಅವಳು ಮೊದಲ ಕರಿ ಕೋಟು ಹೊಲಿಸಿದ ದಿನದಿಂದ ಜೊತೆಗಿದ್ದವರು. ಅವಳನ್ನು ಗದರಿಸುವ ಹಕ್ಕು ಆ ಆಫೀಸಿನಲ್ಲಿ ಅವರೊಬ್ಬರಿಗೇ ಇತ್ತು.

"ಸರಿ ಬಿಡಿ. ಸೋಮವಾರ ಮಗು ವಿಮಾನ ಹತ್ತುತ್ತೆ. ತಾಯಿ ಕೆಳಗೆ ನಿಂತು ಕೈ ಬೀಸ್ತಾಳೆ. ನಾವಿಲ್ಲಿ ಕೂತು ಫೈಲಿಗೆ ದಾರ ಕಟ್ಟೋಣ."

ಕತ್ತರಿ ಪೆನ್ನಿನ ಮುಚ್ಚಳ ಬಿಗಿದಳು. ಆಮೇಲೆ ವಕೀಲರ ಪಟ್ಟಿಯನ್ನು ನಾಲ್ಕು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿದಳು.

ಶುಕ್ರವಾರ ಕೋರ್ಟಿನ ಕಾರಿಡಾರಿನಲ್ಲಿ ಸಾಹುಕಾರರು ಎದುರಾದರು. ಜೊತೆಗೆ ಅವರ ವಕೀಲರು, ಹನ್ನೆರಡರಲ್ಲಿ ಆರಿಸಿದ ಬಿಳಿ ಮೀಸೆಯವರು.

"ಏನ್ ಮೇಡಂ, ಇವತ್ತು ಯಾರ ಮನೆ ಮುರಿಯೋಕೆ ಬಂದ್ರಿ?" ಎಂದರು ಸಾಹುಕಾರರು.

"ಮುರಿದು ಬಿದ್ದಾಗಿದೆ. ಗುಡಿಸೋಕೆ ಬಂದೆ."

"ನಿಮ್ಮ ಕಕ್ಷಿದಾರಳು ಹದಿನಾಲ್ಕು ವರ್ಷ ನನ್ನೆದುರು ಬಾಯಿ ಬಿಟ್ಟಿಲ್ಲ. ಇವತ್ತು ಬಿಡ್ತಾಳಾ?"

"ಕೇಳಿಸ್ಕೊಳ್ಳೋರು ಇರ್ಲಿಲ್ಲ ರೀ. ಇವತ್ತು ಇದಾರೆ."

ಬಿಳಿ ಮೀಸೆ ನಗಲಿಲ್ಲ. ಹಡಗಿನವನ ಕೇಸಿನಲ್ಲಿ ಸೋತವರು ಅವರೇ. ಸಾಹುಕಾರರ ತೋಳು ಹಿಡಿದು, "ರಾಜಿ ಮಾಡ್ಕೊಳ್ಳೋಣ ಸಾರ್, ನನ್ ಮಾತು ಕೇಳಿ," ಎಂದು ಪಿಸುಗುಟ್ಟಿದರು.

ಸಾಹುಕಾರರು ತೋಳು ಕೊಡವಿಕೊಂಡರು. "ಬೇರೆಯವರಿಗಾದ್ರೆ ಕೂಗಾಡ್ತಾಳೆ. ಇವತ್ತು ನೋಡ್ತಿರಿ."

ಕೇಸು ಕರೆದರು. ಕತ್ತರಿ ಬಾಗಿಲಲ್ಲೇ ನಿಂತು ಗೌನ್ ಬಿಚ್ಚಿದಳು. ಕೊರಳಿನ ಬಿಳಿ ಪಟ್ಟಿಯನ್ನೂ ಬಿಚ್ಚಿದಳು. ಎರಡನ್ನೂ ಗುಮಾಸ್ತರ ಕೈಗಿಟ್ಟು ಒಬ್ಬಳೇ ಒಳಗೆ ನಡೆದಳು.

ಹೊಸದಾಗಿ ಬಂದಿದ್ದ ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿದರು. "ಇದೇನು ಮೇಡಂ, ಗೌನ್ ಎಲ್ಲಿ? ಅರ್ಜಿ ಹಾಕಿದ ಹೆಂಗಸು ಎಲ್ಲಿ?"

ಅವಳು ಫೈಲಿನ ದಾರ ಬಿಚ್ಚಲು ಹೋಗಿ ಗಂಟು ಮಾಡಿಕೊಂಡಳು. ಸಾಹುಕಾರರು ಕಿಸಕ್ಕನೆ ನಕ್ಕರು. ಆ ನಗು ಕಿವಿಗೆ ಬಿದ್ದದ್ದೇ ಅವಳು ಫೈಲನ್ನು ಪಕ್ಕಕ್ಕೆ ತಳ್ಳಿ ತಲೆಯೆತ್ತಿದಳು.

"ಸ್ವಂತ ಕೇಸನ್ನ ತಾನೇ ವಾದಿಸೋಳು ಗೌನ್ ಹಾಕೋ ಹಾಗಿಲ್ಲ ಸ್ವಾಮಿ. ಈ ಮನುಷ್ಯನ ಹೆಂಡತಿ ನಾನೇ. ಆ ಮಗು ನಾನು ಹೆತ್ತಿದ್ದು." ಅವಳು ಗಂಡನ ಕಡೆ ತಿರುಗಿದಳು. "ಕೂತ್ಕೊಳ್ಳಿ ರೀ. ಹದಿನಾಲ್ಕು ವರ್ಷದ ಮಾತಿದೆ."

ಸಂಜೆ ಕೋರ್ಟು ಏಳುವವರೆಗೂ ಅವಳು ಕೂರಲಿಲ್ಲ. ಮಗಳು ಅಮ್ಮನ ಹತ್ತಿರವೇ ಉಳಿದಳು. ಈಗ ಹೇಳಿ, ಆ ಹೆಂಡತಿ ಎಲ್ಲೋ ಮೂಲೆಯಲ್ಲಿ ಕೂತು ಅಳುತ್ತಿದ್ದಾಳೆ ಎಂದುಕೊಂಡವರು ಯಾರು ಯಾರು? ಕೈ ಎತ್ತಿದವರು ಎದ್ದು ಹೋಗಿ ನನಗೊಂದು ಟೀ ಮಾಡಿಕೊಂಡು ಬನ್ನಿ. ಎತ್ತದೆ ಸುಮ್ಮನೆ ಕೂತವರು ಬಿಸ್ಕತ್ತೂ ತರಬೇಕು.