ಭಾರ ಎತ್ತಬಾರದು

ಗರ್ಭಕೋಶ ತೆಗೆಸಿಕೊಂಡ ಸೊಸೆ ರಮಾ ಅಂದೇ ಸಂಜೆ ನರ್ಸ್ ಕೈ ಹಿಡಿದು ಪರದೇಶದ ಉಪ್ಸಾಲಾ ಊರಿನ ಆಸ್ಪತ್ರೆ ಕಾರಿಡಾರಿನಲ್ಲಿ ನಡೆದು ಬರುವುದನ್ನು ಕಂಡು ಕಮಲಮ್ಮನವರಿಗೆ ಹೊಟ್ಟೆಕಿಚ್ಚಾಯಿತು. ಸೊಸೆಯ ಮೇಲೂ ಹೌದು, ಆ ನರ್ಸ್ ಮೇಲೂ ಹೌದು. ತಂದ ಗಂಜಿ ಫ್ಲಾಸ್ಕಿನಲ್ಲೇ ಉಳಿಯಿತು; ರಮಾ ಆಗಲೇ ಬ್ರೆಡ್ಡು, ಚೀಸು ತಿಂದು ಕಾಫಿ ಕುಡಿದಿದ್ದಳು.

"ಹೊಟ್ಟೆ ಕೊಯ್ದಿದಾರೆ ತಾನೆ?" ಎಂದು ಮಗನನ್ನು ಕೇಳಿದರು.

"ಕೊಯ್ದಿದಾರಮ್ಮ. ಬೇಗ ತಿಂದು ಬೇಗ ನಡೆದ್ರೆ ಬೇಗ ವಾಸಿಯಾಗುತ್ತಂತೆ. ಇಲ್ಲಿ ಈಗ ಹೀಗೇ ಮಾಡೋದು," ಎಂದ ಸಂದೀಪ್. "ನಾಡಿದ್ದು ಮನೆಗೆ ಕಳಿಸ್ತಾರೆ."

ಕಮಲಮ್ಮನವರಿಗೂ ಇದೇ ಆಪರೇಷನ್ ಆಗಿತ್ತು, ಮಂಡ್ಯದಲ್ಲಿ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಮೂರು ತಿಂಗಳು ಮಂಚ. ಏಳಲು ಹೋದಾಗಲೆಲ್ಲ ಓರಗಿತ್ತಿ ಬಂದು, "ನೀವು ಮಲ್ಕೊಳಿ ಅಕ್ಕ, ನಾನಿದೀನಲ್ಲ" ಎನ್ನುತ್ತಿದ್ದಳು. ಕೊನೆಗೆ ಎದ್ದು ನೋಡಿದರೆ ಒಲೆ, ಉಗ್ರಾಣ, ಸಾರಿನ ಹದ ಎಲ್ಲವೂ ಅವಳದಾಗಿತ್ತು. ಕೂಡುಮನೆಯ ಆ ಅಡುಗೆಮನೆ ಕಮಲಮ್ಮನವರ ಕೈಗೆ ಮತ್ತೆ ಬರಲೇ ಇಲ್ಲ. ಅದಕ್ಕೇ ಮಗ ಫೋನಿನಲ್ಲಿ "ರಮಾಗೆ ಆಪರೇಷನ್, ನೀನು ಬಾ" ಎಂದಾಗ ಅವರು ಮರುಗಿದ್ದಕ್ಕಿಂತ ಹಿಗ್ಗಿದ್ದೇ ಹೆಚ್ಚು. ಮೂರು ತಿಂಗಳಾದರೂ ತನ್ನದೊಂದು ಅಡುಗೆಮನೆ ಸಿಕ್ಕಿತಲ್ಲ ಎಂದು, ಸಾರಿನಪುಡಿಯ ಜೊತೆ ಒಗ್ಗರಣೆ ಸೌಟನ್ನೂ ಸೂಟ್‌ಕೇಸಿಗೆ ತುರುಕಿಕೊಂಡು ಬಂದಿದ್ದರು.

ಆಸ್ಪತ್ರೆಯಿಂದ ಬಂದ ರಮಾ ನೆಟ್ಟಗೆ ಅಡುಗೆಮನೆಗೇ ಹೋಗಿ ಕಾಫಿಗೆ ಇಟ್ಟಳು.

"ಹೋಗಿ ಮಲ್ಕೊಮ್ಮ," ಎಂದರು ಕಮಲಮ್ಮ.

"ಮಲಗೇ ಇರಬಾರ್ದಂತೆ ಅತ್ತೆ, ಓಡಾಡ್ತಿರ್ಬೇಕಂತೆ. ಸ್ವಲ್ಪ ದಿನ ಭಾರ ಎತ್ತಬಾರ್ದು, ಅಷ್ಟೇ."

ಬೇರೆ ಯಾರಾದರೂ ಆಗಿದ್ದರೆ ದೇವರಿಗೆ ಕೈ ಮುಗಿಯುತ್ತಿದ್ದರು. ಕಮಲಮ್ಮ ಆ ಕೊನೆಯ ಮಾತನ್ನು ಮಾತ್ರ ಕಿವಿಗೆ ಹಾಕಿಕೊಂಡರು.

ಮರುದಿನ ಬೆಳಿಗ್ಗೆ ರಮಾ ಕಾಫಿಪುಡಿ ಹುಡುಕಿದಳು. ಡಬ್ಬಿ ಮೂಲೆಯಲ್ಲಿತ್ತು, ಅದಕ್ಕೆ ಅಡ್ಡವಾಗಿ, ಬಾಯಿತನಕ ನೀರು ತುಂಬಿದ ದೊಡ್ಡ ಕುಕ್ಕರ್. ಸಕ್ಕರೆ ಅಕ್ಕಿಮೂಟೆಯ ಹಿಂದೆ. ಹಾಲಿನ ಪಾತ್ರೆಯ ಮೇಲೆ ಕಬ್ಬಿಣದ ಕಾವಲಿ.

"ಅತ್ತೆ, ಇದನ್ನೆಲ್ಲ ಹೀಗೆ ಯಾರಿಟ್ಟಿದ್ದು?"

ಸೌಟು ಹಿಡಿದು ಒಲೆಯ ಮುಂದೆ ನಿಂತಿದ್ದ ಕಮಲಮ್ಮ ತಿರುಗಿ ನೋಡಲಿಲ್ಲ.

"ನೀನು ಮಲ್ಕೊಮ್ಮ," ಎಂದರು. "ನಾನಿದೀನಲ್ಲ."