ಒಂದು ಸಣ್ಣ ಸನ್ಮಾನ

"ಪಠ್ಯಕ್ರಮಾನೂ ಕಂಪನಿಯೋರೇ ಬರೆದುಕೊಟ್ರೆ, ನಾವ್ಯಾತಕ್ಕೆ ಸರ್ ಇರೋದು?"

ಅಧ್ಯಯನ ಮಂಡಳಿಯ ಅಧ್ಯಕ್ಷರು ಎದ್ದು ನಿಂತೇ ಕೇಳಿದರು. ಉಳಿದ ಮೇಷ್ಟರುಗಳು ತಲೆ ತಗ್ಗಿಸಿ ಉಪ್ಪಿಟ್ಟು ತಿನ್ನುತ್ತಿದ್ದರು.

"ಮಕ್ಕಳಿಗೆ ಕೆಲಸ ಕೊಡ್ತಾರಲ್ರೀ," ಎಂದರು ಕುಲಪತಿ.

"ಕೊಡಲಿ. ಏನು ಪಾಠ ಮಾಡಬೇಕು ಅನ್ನೋದನ್ನ ನಾವು ಹೇಳ್ತೀವಿ. ನಾನಂತೂ ಒಪ್ಪಲ್ಲ."

ಕಂಪನಿಯ ಪ್ರತಿನಿಧಿ ಕುಲಪತಿಯ ಮುಖ ನೋಡಿದ.

"ಆಯ್ತು, ಬಿಟ್ಟಾಕಿ," ಕುಲಪತಿ ನಕ್ಕರು. "ಇಷ್ಟು ವರ್ಷ ದುಡಿದಿದ್ದೀರಿ, ನಿಮಗೊಂದು ಸಣ್ಣ ಸನ್ಮಾನ. ಅದಕ್ಕಾದ್ರೂ ಬೇಡ ಅನ್ನಬೇಡಿ."

ಆ ವಿಶ್ವವಿದ್ಯಾಲಯದಲ್ಲಿ ಸೀಮೆಸುಣ್ಣಕ್ಕೆ ಬರವಿದ್ದರೂ ಶಾಲಿಗೆ ಬರವಿರಲಿಲ್ಲ. ಅಧ್ಯಕ್ಷರು ಸಂಕೋಚದಿಂದಲೇ ವೇದಿಕೆ ಹತ್ತಿದರು. ಕುಲಪತಿ ಶಾಲು ಹೊದಿಸಿ ಹಾರ ಹಾಕಿದರು. ಕಂಪನಿಯವನೂ ಬಂದು ಕೈ ಕುಲುಕಿದ.

"ಸ್ವಲ್ಪ ನಗಿ ಸಾರ್," ಎಂದ ಫೋಟೊದವನು.

ಅವರು ನಕ್ಕರು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಪೇಪರಿನೋರಿಗೆ ಈಗ್ಲೇ ಕಳಿಸಿಬಿಡಪ್ಪ," ಎಂದರು ಕುಲಪತಿ.

ಸನ್ಮಾನದ ಸುದ್ದಿಗೆ ಇಷ್ಟೇಕೆ ಅವಸರ ಎಂದುಕೊಳ್ಳುತ್ತ ಅಧ್ಯಕ್ಷರು ಹಿಂತಿರುಗಿ ನೋಡಿದರು. ಬೆನ್ನ ಹಿಂದಿನ ಪರದೆಯ ಮೇಲೆ ಆಗಷ್ಟೇ ಮೂಡಿದ ದಪ್ಪ ಅಕ್ಷರಗಳು ಬೆಳಗುತ್ತಿದ್ದವು: "ಕಂಪನಿಯ ಪಠ್ಯಕ್ರಮಕ್ಕೆ ಒಪ್ಪಿಗೆ: ಅಧ್ಯಯನ ಮಂಡಳಿ ಅಧ್ಯಕ್ಷರಿಂದ ಹಸ್ತಲಾಘವ."