ಬನ್ನಿ, ಯಜಮಾನರೇ

ಭಾವ ಚಿಲಕ ಹಾಕಿ, ಕುರ್ಚಿಯನ್ನು ಬಾಗಿಲಿಗೆ ಒತ್ತಿ ಕೂತ. ತಂಗಿಯ ಕೈಯಿಂದ ಕಸಿದ ಫೋನನ್ನು ಫ್ರಿಜ್ಜಿನ ಮೇಲೆ, ಅಕ್ಕನ ಫೋನಿನ ಪಕ್ಕದಲ್ಲಿ ಇಟ್ಟಾಗಿತ್ತು. ಅಕ್ಕನಿಗೆ ಜ್ವರ ಎಂದು ಅವಳನ್ನು ಕರೆಸಿದ್ದ. ಜ್ವರ ಗಿರ ಏನೂ ಇರಲಿಲ್ಲ.

“ಬೀಗಾನ ನನ್ನ ಹೆಸರಿಗೆ ಮಾಡು. ಆಮೇಲೆ ಹೊರಡು,” ಎಂದ. ದನಿ ಏರಿಸಲಿಲ್ಲ. ಅವನು ದನಿ ಏರಿಸುವ ಪೈಕಿಯೇ ಅಲ್ಲ. ಬಾಗಿಲು ಹಾಕುವ ಪೈಕಿ.

ಬೀಗ ತಂಗಿ ಕೊಟ್ಟ ಉಡುಗೊರೆ. ಬೀಗ ತಯಾರಿಸುವ ಕಂಪನಿಯಲ್ಲೇ ಅವಳಿಗೆ ಕೆಲಸ. ಈ ಬೀಗಕ್ಕೆ ಕೀಲಿಕೈ ಇಲ್ಲ, ಕರಾರು ಇದೆ. ಯಾರು ಯಜಮಾನರು, ಯಾರಿಗೆಲ್ಲ ಬಾಗಿಲು ತೆಗೆಯಬೇಕು ಎನ್ನುವ ಆ ಕರಾರು ಬ್ಲಾಕ್‌ಚೈನಿನಲ್ಲಿದೆ. ಎಲ್ಲೆಲ್ಲಿಯೋ ಇರುವ ಸಾವಿರಾರು ಕಂಪ್ಯೂಟರುಗಳು ಅದರ ಒಂದೊಂದು ಪ್ರತಿ ಇಟ್ಟುಕೊಂಡು ಕಾಯುತ್ತವೆ. ಹೊರಗಿನಿಂದ ಯಜಮಾನರು ಬಂದು ಫೋನು ಒತ್ತಿದರೆ ಬೀಗ “ಬನ್ನಿ, ಯಜಮಾನರೇ” ಎನ್ನುತ್ತದೆ. ಕರಾರಿನಲ್ಲಿ ಹೆಸರಿರುವ ಉಳಿದವರಿಗೆ ಬರೀ ‘ಕ್ಲಿಕ್’. ಹೆಸರೇ ಇಲ್ಲದವರಿಗೆ ಒಂದು ‘ಕ್ಷಮಿಸಿ’, ಬಾಗಿಲು ತೆರೆಯದು.

ಬೀಗ ಕೂರಿಸುವಾಗ ಯಜಮಾನರ ಜಾಗದಲ್ಲಿ ತಂಗಿ ತನ್ನದೇ ಹೆಸರು ಹಾಕಿದ್ದಳು. ಆಮೇಲೆ ಅಕ್ಕನ ಹೆಸರಿಗೆ ಬದಲಾಯಿಸಿದರಾಯಿತು ಎಂದುಕೊಂಡದ್ದು ಹಾಗೇ ಉಳಿದುಹೋಯಿತು. ಅವಳು ಬಂದಾಗಲೆಲ್ಲ ಬೀಗ ಮರ್ಯಾದೆ ಕೊಡುವುದು, ನಮ್ಮ ಯಜಮಾನರು ಬಂದರೆ ಮಾತ್ರ ಇದಕ್ಕೆ ಬಾಯೇ ಇಲ್ಲ ನೋಡು ಎಂದು ಅಕ್ಕ ನಗುವುದು, ಭಾವ ಮುಖ ಗಂಟು ಹಾಕಿಕೊಳ್ಳುವುದು. ಆಗಿನ್ನೂ ಅಕ್ಕ ನಗುತ್ತಿದ್ದಳು.

ಅಕ್ಕನನ್ನು ಭಾವ ಹೊಸ್ತಿಲು ದಾಟಲು ಬಿಡುತ್ತಿಲ್ಲವೆಂದು ತಿಳಿದ ಗಳಿಗೆಯಲ್ಲೇ ತಂಗಿ ಕರಾರಿನಿಂದ ಅವನ ಹೆಸರು ಹೊಡೆದುಹಾಕಿದಳು. ಸಿಟ್ಟಿನಲ್ಲಿ ಒಂದು ಎಡವಟ್ಟಾಯಿತು. ಆ ಹೊತ್ತಿಗೆ ಅವನು ಮನೆಯೊಳಗೇ ಇದ್ದ. ಹೊರಗೆ ಹೋದರೆ ಮತ್ತೆ ಒಳಗೆ ಬರಲಾಗದೆಂದು ಗೊತ್ತಾದದ್ದೇ ತಡ, ಕಚೇರಿಗೆ ರಜೆ ಹಾಕಿ ಅಕ್ಕನ ಎದುರೇ ಕೂತುಬಿಟ್ಟ. ಹೊರಗಿಡಲು ಹೋಗಿ ಅವಳು ಅವನನ್ನು ಅಕ್ಕನ ಜೊತೆ ಒಳಗೇ ಕೂಡಿಹಾಕಿದ್ದಳು. ಈಗ ತಾನೂ ಬಂದು ಸೇರಿಕೊಂಡಿದ್ದಳು.

ತಂಗಿ ಲ್ಯಾಪ್‌ಟಾಪ್ ತೆರೆದಳು. ಯಜಮಾನರ ಸಹಿ ಅಡಗಿರುವ ಪೆನ್‌ಡ್ರೈವಿನಂಥ ಬೆರಳುದ್ದದ ಕಡ್ಡಿಯೊಂದನ್ನು ಚೀಲದಿಂದ ತೆಗೆದು ಮೇಜಿನ ಮೇಲೆ ಇಟ್ಟಳು. ಆಮೇಲೆ ‘ಇಣುಕು’ ತೆರೆದಳು. ಕರಾರಿನ ಜೊತೆ ಮಾತಾಡಲು ಅವಳೇ ಬರೆದ ಪುಟ್ಟ ಪ್ರೋಗ್ರಾಮು ಅದು. ಅಕ್ಕನಿಗೂ ತಿಳಿಯಲೆಂದು ಉತ್ತರಗಳನ್ನೆಲ್ಲ ಮನೆಮಾತಿನಲ್ಲೇ ಇಟ್ಟಿದ್ದಳು.

ಭಾವ ಎದ್ದು ಅವಳ ಬೆನ್ನ ಹಿಂದೆ ನಿಂತ. “ಆಟ ಆಡಬೇಡ. ನಾನು ನೋಡ್ತಾ ಇದ್ದೀನಿ.”

“ನೋಡಿ ಭಾವ. ಇದರಲ್ಲಿ ನೋಡೋದೇ ಇರೋದು.”

ಯಜಮಾನರ ಬದಲಾವಣೆ ಎಂಬಲ್ಲಿ ಅವನ ಹೆಸರು ಬರೆದಳು. ಒಂದಕ್ಷರ ತಪ್ಪಿತು, ಅವನೇ ತಿದ್ದಿಸಿದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ, “ಬೇಡ ಕಣೇ, ಇವರ ಹೆಸರಿಗೆ ಹೋದರೆ ನನ್ನ ಕತೆ ಇಲ್ಲಿಗೇ ಮುಗೀತು,” ಎಂದಳು. ತಂಗಿ ತಿರುಗಿ ನೋಡದೆ ಗುಂಡಿ ಒತ್ತಿದಳು.

ಪರದೆಯ ಮೇಲೆ ಒಂದೇ ಪದ ಮೂಡಿತು: ಆಗುತ್ತದೆ.

ಭಾವ ಬಾಗಿ ಓದಿದ. ಇಷ್ಟೇನಾ ಎಂದು ಕೇಳಿದ. ಇಷ್ಟೇ ಎಂದಳು. ಅವನ ಮುಖ ಅರಳಿತು. ಮೇಜಿನ ಮೇಲೆ ಇಟ್ಟಲ್ಲೇ ಇದ್ದ ಕಡ್ಡಿಯ ಕಡೆಗೆ ಗದ್ದ ತಿರುಗಿಸಿ, “ಇನ್ನು ಅದು ಆಟದ ಸಾಮಾನು. ನೀನೇ ಇಟ್ಕೋ,” ಎಂದ.

ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

“ನೀನೂ ನನ್ನ ಕೈಬಿಟ್ಟೆಯಲ್ಲೇ,” ಎಂದಳು ಅಕ್ಕ. ಆ ಮಾತು ತಂಗಿಯ ಎದೆಗೆ ಚುಚ್ಚಿತು. ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

ಭಾವ ಆಗಲೇ ಅವಳನ್ನು ಹೊರಗೆ ಕಳಿಸಿಬಿಡಬಹುದಿತ್ತು. ಆದರೆ ಅವನಿಗೆ ಮೊದಲು ಬೀಗದ ಬಾಯಿಂದ ಒಂದು ಮಾತು ಕೇಳಿಸಿಕೊಳ್ಳಬೇಕಿತ್ತು. ಎಷ್ಟೋ ದಿನದ ಆಸೆ. ಕನ್ನಡಿ ನೋಡಿ ತಲೆ ಬಾಚಿಕೊಂಡ. ಇಬ್ಬರೂ ಇದ್ದಲ್ಲೇ ಇರಬೇಕು, ಈಗ ಬಂದೆ ಎಂದು ಹೇಳಿ ಕುರ್ಚಿ ಸರಿಸಿ ಚಿಲಕ ತೆಗೆದ. ತನ್ನ ಫೋನು ಹಿಡಿದು ಬರಿಗಾಲಲ್ಲೇ ಹೊರಗೆ ಹೋಗಿ, ಬಾಗಿಲು ಎಳೆದುಕೊಂಡ.

ಅಕ್ಕ ಗೋಡೆಗೆ ಒರಗಿ ಕುಸಿದಳು. “ಈಗ ಬರ್ತಾರೆ ನೋಡು.”

ತಂಗಿ ಎದ್ದು ಹೋಗಿ, ಸದ್ದಾಗದಂತೆ ಚಿಲಕ ಹಾಕಿದಳು.

“ಅದು ‘ಆಗುತ್ತದೆ’ ಅಂದಿದ್ದು ಅಕ್ಕಾ, ‘ಆಯಿತು’ ಅನ್ನಲಿಲ್ಲ. ಸಹಿ ಹಾಕಿದರೆ ಆಗುತ್ತೆ ಅಂತ. ಇಣುಕಿಗೆ ಕೇಳೋಕೆ ಮಾತ್ರ ಬರೋದು, ಬದಲಾಯಿಸೋಕೆ ಬರಲ್ಲ.” ಮುಷ್ಟಿ ಬಿಡಿಸಿ ಕಡ್ಡಿ ತೋರಿಸಿದಳು. “ಇದನ್ನ ಲ್ಯಾಪ್‌ಟಾಪಿಗೆ ಚುಚ್ಚಲೇ ಇಲ್ಲ. ಸಹಿ ಇನ್ನೂ ಇದರೊಳಗೇ ಇದೆ.”

ಬಾಗಿಲಾಚೆ ಬೀಗ ಎಂದಿನ ಮರ್ಯಾದೆಯಲ್ಲೇ ಹೇಳಿತು: “ಕ್ಷಮಿಸಿ, ತಾವು ಈ ಮನೆಯ ಯಜಮಾನರಲ್ಲ.”